ಚನಿಯಪ್ಪ ಗೆದ್ದ ಮೂರು ಚುನಾವಣೆ

ಚನಿಯಪ್ಪ ಎಂ.ಎಲ್.ಎ. ಆದ ಸುದ್ದಿ ಬಂದಾಗ ಜತ್ತಪ್ಪ ಎದೆಮಟ್ಟದ ಗುಂಡಿಯಲ್ಲಿ ನಿಂತು ಕೆಂಪು ಮುರಕಲ್ಲು ಕಡಿಯುತ್ತಿದ್ದ. ಐವತ್ತೆರಡನೇ ಇಸವಿ. ಪುತ್ತೂರಿನ ದರ್ಬೆಯಲ್ಲಿ ಯಾರೋ ವಕೀಲರ ಮನೆ ಏಳುತ್ತಿತ್ತು, ಅದಕ್ಕೆ ಕಲ್ಲು. ಲಾರಿಯವನು ಮೇಲಿನಿಂದ ಬಗ್ಗಿ, ನಿಮ್ಮ ಕೇರಿಯ ಚನಿಯ ಗೆದ್ದನಂತೆ, ಇನ್ನು ಮದ್ರಾಸಿಗೆ ಹೋಗುತ್ತಾನಂತೆ ಎಂದ. ಜತ್ತಪ್ಪ ತಲೆ ಎತ್ತಲಿಲ್ಲ. ದಿನಕ್ಕೆ ಇಪ್ಪತ್ತು ಕಲ್ಲು ಎಬ್ಬಿಸುವವನು ಅಂದು ಮೂವತ್ತೆರಡು ಎಬ್ಬಿಸಿದ. ಸಂಜೆ ಅಂಗೈ ಬಿಚ್ಚಲು ಆಗಲಿಲ್ಲ. ಹೆಂಡತಿ ಅಂಗಾರೆ ಗಂಜಿಯ ಅನ್ನ ಹಿಂಡಿ ಬಾಯಿಗಿಟ್ಟಳು. ಗೆದ್ದದ್ದು ಅವ, ಕೈ ಹರಿದುಕೊಂಡದ್ದು ನೀವು, ಇದು ಎಂತ ಕತೆ ಎಂದು ಕೇಳಿದಳು.

ಕತೆ ಇಷ್ಟೇ. ಆ ಸೀಟು ತನಗೆ ಬರಬೇಕಿತ್ತು ಎಂದು ಜತ್ತಪ್ಪ ನಂಬಿದ್ದ. ಮುಂದೆ ಹದಿನೈದು ವರ್ಷ ಅದನ್ನೇ ನಂಬಿದ.

ಇಬ್ಬರೂ ಒಂದೇ ಕೇರಿಯಲ್ಲಿ ಹುಟ್ಟಿದವರು. ಕಡಬದಿಂದ ನಾಲ್ಕು ಮೈಲಿ ಒಳಗೆ ಕಲ್ಲಮಾರು ಎಂಬ ಊರು, ಊರಿನ ಹಿಂದೆ ಒಂದು ಗುಡ್ಡೆ, ಗುಡ್ಡೆಯ ಬುಡದಲ್ಲಿ ನಲವತ್ತೊಂದು ಗುಡಿಸಲು. ಎಲ್ಲವೂ ಯಜ್ಞೇಶ್ವರ ಧಣಿಗಳ ಮೂಲದ ಆಳುಗಳದ್ದು. ಮೂಲದ ಆಳು ಎಂದರೆ ಅಪ್ಪ ದುಡಿದ ಮನೆಗೆ ಮಗ ದುಡಿಯಬೇಕು, ಮಗನ ನಂತರ ಮೊಮ್ಮಗ ದುಡಿಯಬೇಕು. ಬೇರೆ ಕಡೆ ಕೆಲಸಕ್ಕೆ ಹೋಗಬೇಕಾದರೆ ಧಣಿಯನ್ನು ಕೇಳಬೇಕು. ಯಾರೂ ಕೇಳುತ್ತಿರಲಿಲ್ಲ. ಕೇಳಿದವನ ಬೆನ್ನು ಏನಾಗುತ್ತದೆ ಎಂದು ಎಲ್ಲರೂ ನೋಡಿದ್ದರು. ಜತ್ತಪ್ಪ ಒಬ್ಬನೇ ಕೇಳದೆ ಹೊರಟವನು. ಹರಿಜನ ಮಕ್ಕಳಿಗೆಂದು ಇದ್ದ ಶಾಲೆಯಲ್ಲಿ ಎಂಟನೇ ತರಗತಿ ಪಾಸಾಗಿ, ಕಲ್ಲು ಕಡಿಯುವುದನ್ನು ಕಲಿತು, ಯಾರ ಆಳೂ ಅಲ್ಲ ಎಂದು ಹೇಳಿಕೊಂಡು ತಿರುಗಿದ. ಚನಿಯಪ್ಪ ಮೂರನೇ ತರಗತಿಗೆ ಶಾಲೆ ಬಿಟ್ಟು ಧಣಿಯ ಹಟ್ಟಿಯ ಗೊಬ್ಬರ ಹೊರಲಿಕ್ಕೆ ಸೇರಿದ. ಶಾಲೆಯಲ್ಲಿ ಅವನ ಲೆಕ್ಕ ಮಾಡಿಕೊಡುತ್ತಿದ್ದದ್ದು ಜತ್ತಪ್ಪ.

ಮೊದಲ ಚುನಾವಣೆಯ ಹೊತ್ತಿಗೆ ನಮ್ಮ ಕಡೆ ಒಂದು ಕ್ಷೇತ್ರಕ್ಕೆ ಎರಡು ಸೀಟು ಇತ್ತು. ಒಂದರಲ್ಲಿ ಯಾರೂ ನಿಲ್ಲಬಹುದು. ಇನ್ನೊಂದು ಹರಿಜನನಿಗೇ ಮೀಸಲು. ಕಾನೂನು ಹಾಗಿತ್ತು. ಪೇಟೆಯಿಂದ ಪಕ್ಷದವರು ಯಜ್ಞೇಶ್ವರ ಧಣಿಯ ಮನೆಗೆ ಬಂದರು. ಒಬ್ಬ ಹರಿಜನನನ್ನು ಕೊಡಿ ಎಂದರು. ಉಳುಮೆಗೆ ಒಂದು ಕೋಣ ಕೇಳುವ ಹಾಗೆ ಕೇಳಿದರು.

ಧಣಿ ತಾವು ಚುನಾವಣೆಗೆ ನಿಲ್ಲುವವರಲ್ಲ. ನಿಲ್ಲಿಸುವವರು. ತಮ್ಮ ಒಕ್ಕಲು ಬೋಜಪ್ಪನನ್ನು ಕೇರಿಗೆ ಕಳಿಸಿದರು. ಬೋಜಪ್ಪ ಎರಡು ಹೆಸರು ಹೇಳಿದ. ಜತ್ತಪ್ಪ ಅಂಗಿ ಹಾಕಿಕೊಂಡು ಹೋಗಿ ಅಂಗಳದಲ್ಲಿ ನಿಂತ. ಚನಿಯಪ್ಪ ಹೆಗಲ ಬೈರಾಸನ್ನು ಸೊಂಟಕ್ಕೆ ಸುತ್ತಿಕೊಂಡು ಬಂದು, ಅಂಗಳಕ್ಕೂ ಹತ್ತದೆ ಆಚೆ ದಂಡೆಯಲ್ಲಿ ಕುಕ್ಕುರು ಕೂತ. ಧಣಿ ಜಗಲಿಯಿಂದ ವಿವರಿಸಿದರು. ಅಲ್ಲಿ ಹೋಗಿ ಕೂತರಾಯಿತು, ನಮ್ಮವರು ಕೈ ಎತ್ತಿದಾಗ ಕೈ ಎತ್ತಿದರಾಯಿತು, ಬೇರೆ ಕಷ್ಟ ಇಲ್ಲ ಎಂದರು.

"ಯಾವುದಕ್ಕೆ ಕೈ ಎತ್ತುದು ಎಂದು ನಮಗೆ ಮೊದಲೇ ಹೇಳುತ್ತಾರಾ, ಧಣಿಗಳೇ?" ಎಂದು ಜತ್ತಪ್ಪ ಕೇಳಿದ.

ಧಣಿಗೆ ಸಿಟ್ಟು ಬರಲಿಲ್ಲ. ನಕ್ಕರು. "ಇವನಿಗೆ ಈಗಲೇ ನಾಲಗೆ ಉಂಟು ಬೋಜಪ್ಪ. ಆಚೆಯವ ಸಾಕು" ಎಂದರು.

ಅಲ್ಲಿಗೆ ಮುಗಿಯಿತು. ಒಂದು ಪ್ರಶ್ನೆ ಕೇಳಿದ್ದಕ್ಕೆ ಜತ್ತಪ್ಪ ಗುಂಡಿಗೆ ಹೋದ. ಕೇಳದ್ದಕ್ಕೆ ಚನಿಯಪ್ಪ ಮದ್ರಾಸಿಗೆ ಹೋದ.

ಕಡಬದ ಬಸ್ಸು ನಿಲ್ಲುವಲ್ಲಿ ಕುಂಞಿಪಾತುಮ್ಮನ ಚಾದಂಗಡಿ ಇತ್ತು. ಜಾತಿ ನೋಡದೆ ಎಲ್ಲರಿಗೂ ಒಂದೇ ಗ್ಲಾಸಿನಲ್ಲಿ ಚಾ ಕೊಡುವ ಅಂಗಡಿ ಅದೊಂದೇ. ಅಲ್ಲಿಗೆ ಎರಡು ದಿನ ಹಳೆಯ ಪೇಪರು ಬರುತ್ತಿತ್ತು. ಜತ್ತಪ್ಪ ವಾರಕ್ಕೊಮ್ಮೆ ಹೋಗಿ ಅದರಲ್ಲಿ ಚನಿಯಪ್ಪನ ಹೆಸರು ಹುಡುಕುತ್ತಿದ್ದ. ಐದು ವರ್ಷದಲ್ಲಿ ಎರಡು ಸಲ ಸಿಕ್ಕಿತು. ಒಮ್ಮೆ ಗೆದ್ದವರ ಪಟ್ಟಿಯಲ್ಲಿ. ಇನ್ನೊಮ್ಮೆ ಸಭೆಗೆ ಬಾರದವರ ಪಟ್ಟಿಯಲ್ಲಿ. ಎರಡನೆಯದನ್ನು ಓದಿ ಜತ್ತಪ್ಪ ದೊಡ್ಡದಾಗಿ ನಕ್ಕ. ಚಾ ಮುಗಿಯುವ ಹೊತ್ತಿಗೆ ನಗು ಹೋಗಿತ್ತು. ಅವನು ಬಾರದಿದ್ದರೂ ಪೇಪರಿನಲ್ಲಿ ಹೆಸರು ಬರುತ್ತದೆ. ತಾನು ಇಷ್ಟು ಜನರ ಗೋಡೆಗೆ ಕಲ್ಲು ಕೊಟ್ಟಿದ್ದೇನೆ, ಒಂದು ಗೋಡೆಯಲ್ಲೂ ಹೆಸರಿಲ್ಲ.

ಚನಿಯಪ್ಪ ಊರಿಗೆ ಬಂದಾಗ ಕೇರಿಯ ಹೆಂಗಸರು ಅವನ ಪೆಟ್ಟಿಗೆ ನೋಡಲು ಹೋಗುತ್ತಿದ್ದರು. ತಗಡಿನ ಪೆಟ್ಟಿಗೆ, ಬೀಗ, ಬೀಗಕ್ಕೆ ಕೀಲಿಕೈ. ಕೇರಿಯಲ್ಲಿ ಬೀಗ ಹಾಕುವಂಥದ್ದು ಯಾರ ಹತ್ತಿರವೂ ಇರಲಿಲ್ಲ. ಅಂಗಾರೆಯೂ ಹೋಗಿ ನೋಡಿ ಬಂದಳು. ಒಳಗೆ ಎಂತ ಉಂಟು ಎಂದು ಜತ್ತಪ್ಪ ಕೇಳಲಿಲ್ಲ. ಎರಡು ದಿನ ಕಾದು ಕೇಳಿದ. ಎರಡು ಜುಬ್ಬ ಮತ್ತು ಒಂದು ಹೊದಿಕೆ ಎಂದಳು. ಅವನಿಗೆ ಸಮಾಧಾನ ಆಯಿತು. ಮತ್ತೆ, ಎರಡು ಜುಬ್ಬ ಇದೆಯಲ್ಲ ಎಂದು ಉರಿಯಿತು.

ಐವತ್ತೇಳರಲ್ಲಿ ಜತ್ತಪ್ಪ ಸ್ವತಂತ್ರನಾಗಿ ನಿಂತ. ಅಷ್ಟರಲ್ಲಿ ನಮ್ಮ ಜಿಲ್ಲೆ ಮೈಸೂರಿಗೆ ಸೇರಿತ್ತು. ಮದ್ರಾಸಿನ ರೈಲು ಬಿಟ್ಟು ಮಡಿಕೇರಿ ಮೇಲಿನಿಂದ ಬೆಂಗಳೂರಿನ ಬಸ್ಸು ಹಿಡಿಯುವ ಕಾಲ ಬಂದಿತ್ತು. ಜತ್ತಪ್ಪನಿಗೆ ಸೈಕಲ್ ಗುರುತು ಸಿಕ್ಕಿತು. ಕೇರಿಯಲ್ಲಿ ಯಾರಿಗೂ ಸೈಕಲ್ ಇರಲಿಲ್ಲ, ಆದರೆ ನೋಡಿದರೆ ಎಲ್ಲರಿಗೂ ಗುರುತು ಸಿಗುತ್ತಿತ್ತು. ಅದು ಸಾಕು ಎಂದುಕೊಂಡ. ಕಲ್ಲು ಕಡಿಯುವುದನ್ನು ಒಂದು ತಿಂಗಳು ನಿಲ್ಲಿಸಿ ಕಾಲ್ನಡಿಗೆಯಲ್ಲಿ ತಿರುಗಿದ. ನೆಲ್ಯಾಡಿಯಿಂದ ಕೊಲ್ಲಮೊಗ್ರುವರೆಗೆ ಯಾವ ಗುಡ್ಡೆಯ ಬುಡದಲ್ಲಿ ಹರಿಜನರ ಗುಡಿಸಲು ಇದ್ದರೂ ಅಲ್ಲಿಗೆ ಹೋದ. ಎಲ್ಲ ಕಡೆ ಹೇಳಿದ್ದು ಒಂದೇ. ಧಣಿಯ ಪಕ್ಷದ ಪೆಟ್ಟಿಗೆಗೆ ಒಂದು ಚೀಟಿಯೂ ಬೀಳಬಾರದು. ಚನಿಯನಿಗೂ ಬೇಡ, ಅವನ ಜೊತೆ ನಿಂತ ದೊಡ್ಡವರಿಗೂ ಬೇಡ.

ಆಗ ಮತ ಹಾಕುವ ಕ್ರಮ ಬೇರೆ. ಈಗಿನ ಹಾಗೆ ಮುದ್ರೆ ಒತ್ತುವುದಲ್ಲ. ಪರದೆಯ ಹಿಂದೆ ಪ್ರತಿಯೊಬ್ಬ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಅವನ ಗುರುತು. ಬೇಕಾದ ಪೆಟ್ಟಿಗೆಗೆ ಚೀಟಿ ಹಾಕಬೇಕು. ಎರಡು ಸೀಟಿನ ಕ್ಷೇತ್ರವಾದ್ದರಿಂದ ಪ್ರತಿಯೊಬ್ಬರಿಗೂ ಎರಡು ಚೀಟಿ. ಎರಡನ್ನೂ ಬೇರೆ ಬೇರೆ ಪೆಟ್ಟಿಗೆಗೆ ಹಾಕಬೇಕು. ಒಂದೇ ಪೆಟ್ಟಿಗೆಗೆ ಎರಡೂ ಹಾಕಿದರೆ ಒಂದು ರದ್ದು.

ಈ ಕೊನೆಯ ಮಾತನ್ನು ಹೇಳಲು ಜತ್ತಪ್ಪ ಮರೆತ. ಮರೆತದ್ದಲ್ಲ. ಇನ್ನೊಂದು ಚೀಟಿಯನ್ನು ಯಾರಿಗೆ ಹಾಕಿ ಎನ್ನಬೇಕು ಎಂದು ಅವನು ಯೋಚಿಸಿಯೇ ಇರಲಿಲ್ಲ. ಚನಿಯಪ್ಪನಿಗೆ ಬೀಳಬಾರದು ಎಂಬುದರ ಆಚೆಗೆ ಅವನ ತಲೆ ಹೋಗಿರಲಿಲ್ಲ.

ಕಲ್ಲಮಾರಿನ ಕೇರಿಯವರು ಹೇಳಿದ್ದನ್ನು ಹೇಳಿದ ಹಾಗೆ ಮಾಡಿದರು. ಧಣಿಯ ಪೆಟ್ಟಿಗೆಗಳನ್ನು ಮುಟ್ಟಲಿಲ್ಲ. ಬೇರೆ ಪೆಟ್ಟಿಗೆಯವರು ಯಾರೆಂದು ಗೊತ್ತಿಲ್ಲ. ಚೀಟಿಯನ್ನು ಮನೆಗೆ ಕೊಂಡುಹೋಗಲಿಕ್ಕಿಲ್ಲ. ಕೈಯಲ್ಲಿ ಎರಡು ಚೀಟಿ, ತಮ್ಮದೆನ್ನಲು ಒಂದು ಪೆಟ್ಟಿಗೆ. ಎರಡನ್ನೂ ಸೈಕಲಿಗೇ ಹಾಕಿದರು. ಹಾಕಿ ಬಂದು ಜತ್ತಪ್ಪನ ಹತ್ತಿರ ಖುಷಿಯಲ್ಲಿ ಹೇಳಿದರು, ಒಬ್ಬೊಬ್ಬರು ಎರಡೆರಡು ವೋಟು ಕೊಟ್ಟಿದ್ದೇವೆ, ಇನ್ನು ನಿನ್ನನ್ನು ಹಿಡಿಯುವವರು ಯಾರು ಎಂದು.

ಪುತ್ತೂರಿನಲ್ಲಿ ಎಣಿಕೆ. ಬೂತಿಗೆ ಬೂತು ಪೆಟ್ಟಿಗೆ ತೆರೆದರು. ಕಲ್ಲಮಾರಿನ ಸೈಕಲ್ ಪೆಟ್ಟಿಗೆ ಮೇಜಿಗೆ ಬಂದಾಗ ಜತ್ತಪ್ಪನ ಎದೆ ಉಬ್ಬಿತು. ತುಂಬಿತ್ತು. ಎಣಿಸುವವರು ಚೀಟಿಗಳ ನಂಬ್ರ ನೋಡಿ ಒಂದರ ಹಿಂದೆ ಒಂದು ನಂಬ್ರದ ಜೋಡಿಗಳನ್ನು ಬೇರೆ ಮಾಡಿದರು. ಜೋಡಿಯಲ್ಲಿ ಒಂದನ್ನು ಇಟ್ಟುಕೊಂಡರು, ಒಂದನ್ನು ಕೆಳಗಿನ ಬುಟ್ಟಿಗೆ ಹಾಕಿದರು. ಆ ಬೂತಿನ ಅರ್ಧ ರಾಶಿ ಬುಟ್ಟಿಗೆ ಹೋಯಿತು. ಧಣಿಯ ಪರವಾಗಿ ಎಣಿಕೆ ನೋಡಲು ಬಂದಿದ್ದ ಬೋಜಪ್ಪ ಬುಟ್ಟಿಯನ್ನೇ ನೋಡುತ್ತ ನಿಂತ. ಬೇರೆ ಬೂತುಗಳಲ್ಲಿ ಇಂಥ ಜೋಡಿ ಹತ್ತಿಪ್ಪತ್ತು. ಕಲ್ಲಮಾರಿನಲ್ಲಿ ತೊಂಬತ್ತು. ಯಾರು ಎಂದು ಹೇಳುವ ಅಗತ್ಯವೇ ಇರಲಿಲ್ಲ.

ಚನಿಯಪ್ಪ ಏಳು ಸಾವಿರದ ಅಂತರದಲ್ಲಿ ಗೆದ್ದ. ಬುಟ್ಟಿಯಲ್ಲಿದ್ದ ಚೀಟಿಗಳನ್ನೆಲ್ಲ ಸೇರಿಸಿದರೂ ಜತ್ತಪ್ಪ ಸೋಲುತ್ತಿದ್ದ. ಎಂಟನೇ ತರಗತಿ ಓದಿದವನಿಗೆ ಅಷ್ಟು ಲೆಕ್ಕ ಬರುತ್ತಿತ್ತು. ಆದರೂ ವರ್ಷಗಟ್ಟಲೆ ಅವನು ಎಲ್ಲರಿಗೂ ಹೇಳಿದ್ದು ಒಂದೇ. ನನ್ನ ವೋಟನ್ನು ಬುಟ್ಟಿಗೆ ಹಾಕಿ ಅವನನ್ನು ಗೆಲ್ಲಿಸಿದರು.

ಆ ವರ್ಷದ ಮಳೆಗಾಲ, ಆಟಿ ತಿಂಗಳಲ್ಲಿ ಧಣಿ ಕೇರಿಗೆ ಅಕ್ಕಿ ಕೊಡುವುದನ್ನು ನಿಲ್ಲಿಸಿದರು. ಕೆಲಸ ಇಲ್ಲದ ತಿಂಗಳು ಅದು, ಆ ಅಕ್ಕಿಯಲ್ಲೇ ಕೇರಿ ಬದುಕುತ್ತಿತ್ತು. ತೋಟದ ಬದಿಯ ನೀರಿನ ತೋಡಿಗೆ ಹೋಗುವ ದಾರಿಗೆ ಮುಳ್ಳು ಹಾಕಿಸಿದರು. ಹೆಂಗಸರು ಒಂದೂವರೆ ಮೈಲಿ ಸುತ್ತಿ ಹೊಳೆಯಿಂದ ನೀರು ಹೊತ್ತರು. ಅಂಗಾರೆಯ ಕುತ್ತಿಗೆ ಒಂದು ಬದಿಗೆ ವಾಲಿತು, ಮತ್ತೆ ನೆಟ್ಟಗಾಗಲಿಲ್ಲ. ಗೆಣಸಿನ ಬಳ್ಳಿ ಬೇಯಿಸಿ ತಿಂದು ಮೂರು ಮನೆಯ ಮಕ್ಕಳು ವಾಂತಿ ಮಾಡಿ ಮಲಗಿದವು. ಕೇರಿಯವರು ಧಣಿಗೆ ಬಯ್ಯಲಿಲ್ಲ. ಜತ್ತಪ್ಪನಿಗೆ ಬಯ್ದರು. ಕೊನೆಗೆ ಚನಿಯಪ್ಪ ಬೆಂಗಳೂರಿನಿಂದ ಬಂದು ಧಣಿಯ ಅಂಗಳದಲ್ಲಿ ಉದ್ದಕ್ಕೆ ಬಿದ್ದು ತಪ್ಪಾಯಿತು ಎಂದ ಮೇಲೆ ಮುಳ್ಳು ತೆಗೆದರು. ಎಲ್ಲರೂ ಚನಿಯಪ್ಪನನ್ನು ಹೊಗಳಿದರು. ಸೋತವನು ತಾನು, ಕುತ್ತಿಗೆ ವಾಲಿದ್ದು ತನ್ನ ಹೆಂಡತಿಯದು, ಬಿದ್ದು ಹೊರಳಿ ಹೆಸರು ತೆಗೆದುಕೊಂಡವನು ಅವನು. ಜತ್ತಪ್ಪ ಅಂದಿನಿಂದ ಚನಿಯಪ್ಪನ ಜೊತೆ ಮಾತು ಬಿಟ್ಟ.

ಅರುವತ್ತೆರಡರಲ್ಲಿ ಎರಡು ಸೀಟಿನ ಪದ್ಧತಿ ಹೋಯಿತು. ಮೀಸಲು ಕ್ಷೇತ್ರವೇ ಬೇರೆಯಾಯಿತು. ಚನಿಯಪ್ಪ ಮೂರನೇ ಸಲ ಗೆದ್ದ. ಈ ಸಲ ಜತ್ತಪ್ಪ ನಿಲ್ಲಲಿಲ್ಲ. ನಿಂತರೆ ಸೂಚಿಸಿ ರುಜು ಹಾಕುವವನೂ ಕೇರಿಯಲ್ಲಿ ಸಿಗುತ್ತಿರಲಿಲ್ಲ.

ಗೆದ್ದ ಎರಡನೇ ವಾರ ಒಂದು ಬೆಳಿಗ್ಗೆ ಜತ್ತಪ್ಪ ಕೆಲಸಕ್ಕೆ ಹೋಗುವಾಗ, ಧಣಿಯ ಮನೆಗೆ ತಿರುಗುವ ದಾರಿಯ ಬದಿಯ ಪೊದೆಯಲ್ಲಿ ಏನೋ ಹೊಳೆಯಿತು. ನೋಡಿದರೆ ಒಂದು ಜೊತೆ ಕಪ್ಪು ಬೂಟು. ಪಾಲಿಶ್ ಮಾಡಿದ್ದು. ಸೊಪ್ಪು ಮುಚ್ಚಿ ಇಟ್ಟದ್ದು. ಯಾರದೆಂದು ಕೇಳಬೇಕಾಗಿರಲಿಲ್ಲ. ಆ ಸುತ್ತಿನಲ್ಲಿ ಬೂಟು ಬಿಚ್ಚಿಟ್ಟು ಧಣಿಯ ಮನೆಗೆ ಹೋಗುವವನು ಒಬ್ಬನೇ.

ಜತ್ತಪ್ಪನಿಗೆ ಎಷ್ಟು ಸಂತೋಷವಾಯಿತೆಂದರೆ ಕೊಡಲಿ ಕೆಳಗಿಟ್ಟು ಅಲ್ಲೇ ಕೂತ. ಮೂರು ಸಲದ ಎಂ.ಎಲ್.ಎ. ಬರಿಗಾಲಲ್ಲಿ ಹೋಗಿದ್ದಾನೆ. ಒಂದು ಬೂಟು ಕೈಗೆತ್ತಿಕೊಂಡ. ಒಳಗೆ ಮೆತ್ತಗಿತ್ತು. ಎಡಗಾಲನ್ನು ತೂರಿಸಿ ನೋಡಿದ. ಹೋಗಲಿಲ್ಲ. ಹದಿನೈದು ವರ್ಷ ಕಲ್ಲಿನ ಹುಡಿಯಲ್ಲಿ ನಿಂತ ಕಾಲು, ಬೆರಳು ಬೆರಳು ಬೇರೆಯಾಗಿ ಅಗಲ ಆಗಿತ್ತು. ಹಿಮ್ಮಡಿಯ ಬಿರುಕಿಗೆ ಚರ್ಮದ ಅಂಚು ಸಿಕ್ಕಿ ರಕ್ತ ಬಂತು. ಆದರೂ ಒತ್ತಿದ.

"ಎಂತ, ಹಿಡಿಸುದಿಲ್ಲವಾ?"

ಚನಿಯಪ್ಪ ಎದುರು ನಿಂತಿದ್ದ. ಬಿಳಿ ಜುಬ್ಬ, ಬಿಳಿ ಪಂಚೆ, ಮೊಣಕಾಲವರೆಗೆ ಕೆಂಪು ಧೂಳು.

ಜತ್ತಪ್ಪ ಬೂಟು ಬಿಸಾಡಲಿಲ್ಲ. ಕಾಲನ್ನೂ ತೆಗೆಯಲಿಲ್ಲ. ಐದು ವರ್ಷದ ನಂತರ ಬಾಯಿ ಬಿಟ್ಟ. "ಎಂ.ಎಲ್.ಎ. ಬೂಟು ಪೊದೆಯಲ್ಲಿ ಇಡಬೇಕು ಎಂದು ಯಾವ ಕಾನೂನಿನಲ್ಲಿ ಉಂಟು?"

"ನೀನು ಗೆದ್ದಿದ್ದರೆ ಎಲ್ಲಿ ಇಡುತ್ತಿದ್ದೆ?"

"ಇಡುತ್ತಿರಲಿಲ್ಲ. ಹಾಕಿಕೊಂಡೇ ಹೋಗುತ್ತಿದ್ದೆ."

"ಅದಕ್ಕೇ ನೀನು ಗೆಲ್ಲಲಿಲ್ಲ ಮಾರಾಯ" ಎಂದ ಚನಿಯಪ್ಪ. ತಮಾಷೆಗೆ ಹೇಳಿದ ಹಾಗಿರಲಿಲ್ಲ. ಬಗ್ಗಿ ಬೂಟನ್ನು ತೆಗೆದುಕೊಂಡ, ಒಳಗಿನ ರಕ್ತವನ್ನು ಎಲೆಯಲ್ಲಿ ಒರೆಸಿದ, ಹಾಕಿಕೊಂಡ, ಹೋದ.

ಅವನ ಉತ್ತರ ಸರಿಯಾಗಿತ್ತು ಎಂಬುದೇ ಜತ್ತಪ್ಪನನ್ನು ತಿಂದಿತು. ಮೂರನೇ ತರಗತಿಯವನು ಸರಿಯಾದ ಉತ್ತರ ಕೊಡುವುದು ಅವನು ಕಂಡದ್ದು ಅದೇ ಮೊದಲು.

ನಾಲ್ಕು ವರ್ಷ ಕಳೆಯಿತು. ನೆಲ್ಯಾಡಿಯ ಕಡೆ ಕೇರಳದಿಂದ ಬಂದವರು ಗುಡ್ಡೆ ಗುಡ್ಡೆಗೆ ರಬ್ಬರ್ ಹಾಕಿದ್ದರು. ಹಾಲು ಇಳಿಸಲು ಗಿಡಕ್ಕೆ ಕತ್ತಿ ಹಾಕುವ ಕಾಲ ಬಂದಿತ್ತು. ಅದನ್ನು ನೋಡಿ ಯಜ್ಞೇಶ್ವರ ಧಣಿಗೂ ಕಲ್ಲಮಾರಿನ ಗುಡ್ಡೆಯ ಮೇಲೆ ಕಣ್ಣು ಬಿತ್ತು. ಗುಡ್ಡೆ ಅವರದ್ದಲ್ಲ. ಸರಕಾರದ್ದು. ಅವರ ಪಟ್ಟಾ ಜಾಗಕ್ಕೆ ತಾಗಿದ್ದರಿಂದ ಸೊಪ್ಪು, ಸೌದೆ ಕಡಿಯುವ ಹಕ್ಕು ಮಾತ್ರ ಅವರಿಗೆ ಇತ್ತು. ಕುಮ್ಕಿ ಎನ್ನುತ್ತಾರೆ. ಆದರೆ ಊರಿನಲ್ಲಿ ಅದನ್ನು ಧಣಿಯ ಗುಡ್ಡೆ ಎಂದೇ ಕರೆಯುತ್ತಿದ್ದರು. ಬರುವ ಮಳೆಗಾಲದ ಒಳಗೆ ಗುಡಿಸಲು ತೆಗೆಯಬೇಕು, ರಬ್ಬರ್ ಗುಂಡಿ ತೋಡಲಿಕ್ಕುಂಟು ಎಂದು ಬೋಜಪ್ಪ ಬಂದು ಹೇಳಿದ. ಎಲ್ಲಿಗೆ ಹೋಗುದು ಎಂದು ಕೇರಿಯವರು ಕೇಳಿದರು. ಅದು ತನಗೆ ಗೊತ್ತಿಲ್ಲ ಎಂದ.

ಆಗ ಚನಿಯಪ್ಪ ಯಾರೂ ಎಣಿಸದ ಕೆಲಸ ಮಾಡಿದ. ಆ ಗುಡ್ಡೆಯಲ್ಲೇ ನಲವತ್ತೊಂದು ಮನೆಗೆ ಹತ್ತು ಹತ್ತು ಸೆಂಟ್ಸು ಕೊಡಬೇಕು ಎಂದು ಅರ್ಜಿ ಬರೆಸಿ, ಮೇಲೆ ತಾನು ರುಜು ಹಾಕಿ, ಧಣಿಯನ್ನು ಕೇಳದೆ ಸರಕಾರಕ್ಕೆ ಕೊಟ್ಟ. ವಿಧಾನಸಭೆಯಲ್ಲಿ ಎದ್ದು ನಿಂತು ಅದರ ಬಗ್ಗೆ ಪ್ರಶ್ನೆಯನ್ನೂ ಕೇಳಿದ. ಹದಿನೈದು ವರ್ಷದಲ್ಲಿ ಅವನು ಕೇಳಿದ ಒಂದೇ ಪ್ರಶ್ನೆ. ತಹಶೀಲ್ದಾರರು ಜಾಗಕ್ಕೆ ಬಂದು ವಿಚಾರಣೆ ಮಾಡಬೇಕೆಂದು ಹುಕುಂ ಆಯಿತು. ಕುಂಞಿಪಾತುಮ್ಮನ ಅಂಗಡಿಯಲ್ಲಿ ಜತ್ತಪ್ಪ ಪೇಪರು ಓದಿದ. ಮೂರು ಸಾಲಿನ ಸುದ್ದಿ. ಮೂರು ಸಲ ಓದಿದ. ಚಾ ತಣಿಯಿತು. ಕುಂಞಿಪಾತುಮ್ಮಜ್ಜಿ ಇನ್ನೊಂದು ಚಾ ಕೊಟ್ಟು, ಎಂತ ಜತ್ತಪ್ಪ, ಯಾರಾದರೂ ತೀರಿಕೊಂಡರಾ ಎಂದು ಕೇಳಿದಳು.

ಅರುವತ್ತೇಳರ ಚುನಾವಣೆಗೆ ಒಂದೂವರೆ ತಿಂಗಳು ಇತ್ತು. ಚನಿಯಪ್ಪನಿಗೆ ಟಿಕೆಟ್ ಇಲ್ಲ ಎಂದಾಯಿತು. ಒಂದು ದಿನ ಬೋಜಪ್ಪ ಕಲ್ಲಿನ ಗುಂಡಿಯ ಅಂಚಿಗೆ ಬಂದು ನಿಂತು, ಧಣಿ ಬರಲಿಕ್ಕೆ ಹೇಳಿದ್ದಾರೆ ಎಂದ.

ಈ ಸಲ ಧ್ವನಿ ಬೇರೆ ಇತ್ತು. ಜತ್ತಪ್ಪ ಎಂದು ಧಣಿ ಪೂರ್ತಿ ಹೆಸರು ಹಿಡಿದು ಕರೆದರು. ಹುಟ್ಟಿದ ಮೇಲೆ ಮೊದಲ ಸಲ. ಹಿಂದೆ ತಮ್ಮಿಂದ ತಪ್ಪಾಯಿತು, ಓದಿದವನನ್ನು ಬಿಟ್ಟು ಓದದವನನ್ನು ಹಿಡಿದೆವು ಎಂದರು. ಈ ಸಲದ ಸೀಟು ನಿನಗೆ, ಪೇಟೆಯವರ ಹತ್ತಿರ ಮಾತಾಗಿದೆ ಎಂದರು. ಕೊನೆಗೆ ಧಣಿ ಸಣ್ಣ ವಿಷಯ ಎಂಬ ಹಾಗೆ ಹೇಳಿದರು, ನಾಡಿದ್ದು ತಹಶೀಲ್ದಾರರು ಬರುತ್ತಾರೆ, ಕೇರಿಯವರಿಗೆ ಆ ಜಾಗ ಬೇಡ, ಚನಿಯ ಸುಳ್ಳು ಹೇಳಿ ಹೆಬ್ಬೆಟ್ಟು ಹಾಕಿಸಿಕೊಂಡ ಎಂದು ನೀನು ಹೇಳಬೇಕು. ನೀನು ಹೇಳಿದರೆ ತೂಕ ಉಂಟು. ನಿನಗೂ ಅವನಿಗೂ ಆಗುದಿಲ್ಲ ಎಂದು ಊರಿಗೇ ಗೊತ್ತುಂಟಲ್ಲ.

ಜತ್ತಪ್ಪ ಆಯಿತು ಎಂದ. ಯೋಚಿಸಿ ಹೇಳಿದ್ದಲ್ಲ. ಹದಿನೈದು ವರ್ಷದಿಂದ ಬಾಯಲ್ಲೇ ಇದ್ದ ಮಾತು ಹೊರಗೆ ಬಂತು.

ಮನೆಗೆ ಬಂದು ಅಂಗಾರೆಗೆ ಹೇಳಿದ. ಅವಳು ವಾಲಿದ ಕುತ್ತಿಗೆಯಲ್ಲೇ ಅವನ ಮುಖ ನೋಡಿದಳು.

"ಸೀಟು ಸಿಕ್ಕಿದರೆ ನಾವು ಎಲ್ಲಿ ಮಲಗುದು?"

ಬೆಂಗಳೂರಿನಲ್ಲಿ ಸರಕಾರವೇ ರೂಮು ಕೊಡುತ್ತದೆ ಎಂದ. ಉಳಿದ ನಲವತ್ತು ಮನೆಯವರಿಗೂ ಕೊಡುತ್ತದಾ ಎಂದು ಕೇಳಿದಳು. ಅವರೆಲ್ಲ ಐವತ್ತೇಳರಲ್ಲಿ ನಮ್ಮ ಮುಖಕ್ಕೆ ಉಗಿದವರು ಎಂದ. ಉಗಿದದ್ದು ಹೌದು, ಅದಕ್ಕಿಂತ ಮೊದಲು ಎರಡೆರಡು ವೋಟು ಹಾಕಿದ್ದೂ ಹೌದು ಎಂದು ಹೇಳಿ ಅವಳು ಕೊಡ ತೆಗೆದುಕೊಂಡು ನೀರಿಗೆ ಹೋದಳು.

ವಿಚಾರಣೆ ಬೆಳಿಗ್ಗೆ ಹತ್ತು ಗಂಟೆಗೆ, ಗುಡ್ಡೆಯ ಮೇಲೆ ಗೇರುಮರದ ಅಡಿಯಲ್ಲಿ. ಒಂದು ಮೇಜು ಮತ್ತು ಎರಡು ಕುರ್ಚಿಯನ್ನು ಬೋಜಪ್ಪ ಧಣಿಯ ಮನೆಯಿಂದ ಹೊರಿಸಿ ತಂದಿದ್ದ. ಒಂದರಲ್ಲಿ ತಹಶೀಲ್ದಾರರು, ಇನ್ನೊಂದರಲ್ಲಿ ಧಣಿ. ಗುಮಾಸ್ತನಿಗೆ ಒಂದು ಸ್ಟೂಲು. ಕೇರಿಯವರು ದೂರದಲ್ಲಿ ಬಿಸಿಲಿನಲ್ಲಿ ಕೂತಿದ್ದರು. ಚನಿಯಪ್ಪ ಬಂದು ಮರದ ಹೊರಗೆ ನಿಂತ. ತಹಶೀಲ್ದಾರರು ಘಟ್ಟದ ಮೇಲಿನವರು, ಈ ಕಡೆಯ ಕ್ರಮ ತಿಳಿಯದವರು. ಶಾಸಕರಿಗೆ ಕುರ್ಚಿ ಎಲ್ಲಿ ಎಂದು ಕೇಳಿದರು. ಬೋಜಪ್ಪ ಕೇಳಿಸದವನ ಹಾಗೆ ಮಾಡಿದ. ಅವರು ಮತ್ತೊಮ್ಮೆ ಕೇಳಿದರು. ಓಡಿ ಹೋಗಿ ಮೂರನೆಯದನ್ನು ತರಬೇಕಾಯಿತು.

ಚನಿಯಪ್ಪ ಕುರ್ಚಿಯನ್ನು ನೋಡಿದ. ಧಣಿಯನ್ನು ನೋಡಿದ. ಎಲ್ಲರೂ ಅವನನ್ನು ನೋಡಿದರು. ಅವನು ಕೂತ. ಬೆನ್ನು ತಾಗಿಸದೆ, ಅಂಚಿನಲ್ಲಿ. ಆದರೆ ಕೂತ.

ಜತ್ತಪ್ಪ ಆ ಕುರ್ಚಿಯಿಂದ ಕಣ್ಣು ತೆಗೆಯಲಿಲ್ಲ. ಧಣಿಯ ಎದುರು ಕುರ್ಚಿಯಲ್ಲಿ ಕೂತ ಮೊದಲ ಹರಿಜನ ತಾನಾಗಬೇಕಿತ್ತು. ಮದ್ರಾಸು, ಬೆಂಗಳೂರು, ಪೆಟ್ಟಿಗೆ, ಬೂಟು, ಎಲ್ಲ ಹೋಗಲಿ ಎನ್ನಬಹುದಿತ್ತು. ಇದು ತನ್ನದು. ಇದನ್ನೂ ಅವನೇ ತೆಗೆದುಕೊಂಡ.

ಗುಮಾಸ್ತ ಅರ್ಜಿಯಲ್ಲಿದ್ದ ಹೆಸರುಗಳನ್ನು ಓದಿದ. ಒಬ್ಬೊಬ್ಬರೇ ಎದ್ದು ನಿಂತರು. ಏಳನೆಯ ಹೆಸರು ಬಂತು. "ಜತ್ತಪ್ಪ, ಸ್ವಂತ ಕಲ್ಲಿನ ಕೆಲಸ, ಎಂಟನೇ ತರಗತಿ ಪಾಸು." ಅದರ ಎದುರು ಹೆಬ್ಬೆಟ್ಟೂ ಇಲ್ಲ, ರುಜುವೂ ಇಲ್ಲ. ಚನಿಯಪ್ಪ ಕೇಳಲು ಬಂದಿರಲಿಲ್ಲ. ಬಂದರೂ ಇವನು ಹಾಕುತ್ತಿರಲಿಲ್ಲ. ಹೆಸರನ್ನು ಮಾತ್ರ ಬಿಟ್ಟಿರಲಿಲ್ಲ.

ಬೋಜಪ್ಪ ಮುಂದೆ ಬಂದು, ಈ ಜತ್ತಪ್ಪನಿಗೆ ಹೇಳಲಿಕ್ಕುಂಟು, ಬರೆದೇ ತಂದಿದ್ದೇವೆ, ರುಜು ಮಾತ್ರ ಬಾಕಿ ಎಂದು ಒಂದು ಕಾಗದ ಕೊಟ್ಟ. ಜತ್ತಪ್ಪ ಅದನ್ನು ತೆಗೆದುಕೊಂಡು ಓದಿದ. ಅವನು ಓದುತ್ತಾನೆ ಎಂದು ಬೋಜಪ್ಪ ಎಣಿಸಿರಲಿಲ್ಲ. ಮೊದಲ ಸಾಲು ಹೀಗಿತ್ತು. "ಕಲ್ಲಮಾರು ಯಜ್ಞೇಶ್ವರ ಧಣಿಯವರ ಮೂಲದ ಆಳು ಮಾಂಕುವಿನ ಮಗ, ಸದರಿಯವರ ಮೂಲದ ಆಳು ಜತ್ತನು ಬರೆದುಕೊಟ್ಟ ಹೇಳಿಕೆ."

ಮುಂದಿನ ಸಾಲುಗಳನ್ನು ಅವನು ಓದಲಿಲ್ಲ.

"ಇದರಲ್ಲಿ ಇರುವ ಜತ್ತ ಯಾರು, ಧಣಿಗಳೇ?"

ಧಣಿ ತಗ್ಗಿದ ದನಿಯಲ್ಲಿ, ಅದು ಬರೆಯುವ ಕ್ರಮ, ಅದಕ್ಕೆಲ್ಲ ತಲೆ ಕೆಡಿಸಬೇಡ ಎಂದರು.

"ನಾನು ನಿಮ್ಮ ಆಳಲ್ಲ. ನಿಮ್ಮ ಮನೆಯ ಒಂದು ಕಾಳು ತಿನ್ನದೆ ಇಪ್ಪತ್ತು ವರ್ಷ ಆಯಿತು. ನಾನು ಎಂ.ಎಲ್.ಎ. ಆದರೂ ನಿಮ್ಮ ಕಾಗದದಲ್ಲಿ ಆಳೇ ಅಲ್ಲವಾ?"

"ಜತ್ತ" ಎಂದರು ಧಣಿ. ಪೂರ್ತಿ ಹೆಸರಿನ ದಿನ ಮುಗಿದಿತ್ತು. "ಸೀಟು ಬೇಕಾ, ಬೇಡವಾ?"

ಬೇಕಿತ್ತು. ಈಗಲೂ ಬೇಕಿತ್ತು. ಅವನು ಚನಿಯಪ್ಪನನ್ನು ನೋಡಿದ. ಚನಿಯಪ್ಪ ನೆಲ ನೋಡುತ್ತಿದ್ದ. ಇವನು ತನ್ನನ್ನು ಮುಳುಗಿಸುತ್ತಾನೆ ಎಂದು ಖಾತ್ರಿಯಾದವನ ಹಾಗೆ ಕೂತಿದ್ದ.

"ಚನಿಯನನ್ನು ಸೋಲಿಸಬೇಕಾದವ ನಾನು" ಎಂದ ಜತ್ತಪ್ಪ. "ನೀವಲ್ಲ. ನಿಮ್ಮ ಕೈಯಿಂದ ಅವನನ್ನು ಸೋಲಿಸಿದರೆ ಅದು ನಾನು ಗೆದ್ದ ಹಾಗೆ ಅಲ್ಲ."

ಕಾಗದವನ್ನು ಮೇಜಿನ ಮೇಲೆ ಇಟ್ಟ. ಹರಿಯಲಿಲ್ಲ. ತಹಶೀಲ್ದಾರರ ಕಡೆ ತಿರುಗಿ, ತನ್ನ ಹೇಳಿಕೆ ಬೇರೆ ಉಂಟು, ಬರೆದುಕೊಳ್ಳಿ ಎಂದ. ಗುಮಾಸ್ತ ಹೊಸ ಹಾಳೆ ತೆಗೆದ. ಜತ್ತಪ್ಪ ನಿಲ್ಲಿಸಿ ನಿಲ್ಲಿಸಿ ಹೇಳಿದ. ಈ ಗುಡ್ಡೆ ಸರಕಾರದ್ದು. ಇದರಲ್ಲಿ ನಲವತ್ತೊಂದು ಗುಡಿಸಲು ಉಂಟು, ನನ್ನದು ಏಳನೆಯದು. ನನ್ನ ಅಜ್ಜನನ್ನು ಹುಗಿದದ್ದು ಆ ಮರದ ಹಿಂದೆ. ನಮಗೆ ಜಾಗ ಬೇಕು. ಅರ್ಜಿಯಲ್ಲಿ ಸುಳ್ಳಿಲ್ಲ. ಆಟಿಯಲ್ಲಿ ಅಕ್ಕಿ ನಿಲ್ಲಿಸಿದ್ದನ್ನು, ತೋಡಿಗೆ ಮುಳ್ಳು ಹಾಕಿದ್ದನ್ನೂ ಹೇಳಿದ. ಬಿಸಿಲಿನಲ್ಲಿ ಕೂತಿದ್ದವರು ಒಬ್ಬೊಬ್ಬರೇ ಎದ್ದು ಹತ್ತಿರ ಬಂದರು. ಅಂಗಾರೆ ಎಲ್ಲರಿಗಿಂತ ಮುಂದೆ ಇದ್ದಳು.

ಗುಮಾಸ್ತ ಆಯಿತಾ ಎಂದು ಕೇಳಿದ.

"ಇನ್ನೊಂದು ಉಂಟು. ಈ ಚನಿಯಪ್ಪ ಮೂರು ಸಲ ಗೆದ್ದು ಹದಿನೈದು ವರ್ಷ ನಮಗೆ ಎಂತದೂ ಮಾಡಲಿಲ್ಲ. ಈ ಒಂದು ಅರ್ಜಿ ಮಾತ್ರ ಮಾಡಿದ್ದಾನೆ. ಅದನ್ನೂ ಬರೆಯಿರಿ."

ಗುಮಾಸ್ತ ತಹಶೀಲ್ದಾರರನ್ನು ನೋಡಿದ. ಅವರು ಆ ಮಾತಿಗೂ ವಿಚಾರಣೆಗೂ ಸಂಬಂಧ ಇಲ್ಲ ಎಂದರು. ಬರೆಯದಿದ್ದರೆ ರುಜು ಹಾಕುವುದಿಲ್ಲ ಎಂದು ಜತ್ತಪ್ಪ ಕೈಕಟ್ಟಿ ನಿಂತ. ಇಷ್ಟೆಲ್ಲ ಹೇಳಿ ಇಷ್ಟಕ್ಕೆ ಕೆಡಿಸುತ್ತಾನೆ ಎಂದು ಕೇರಿಯವರಲ್ಲಿ ಯಾರೋ ಗೊಣಗಿದರು.

"ಬರೆಯಿರಿ ಸ್ವಾಮಿ" ಎಂದ ಚನಿಯಪ್ಪ. "ಅವ ಹೇಳಿದ್ದು ಸರಿ ಉಂಟು."

ಗುಮಾಸ್ತ ಬರೆದ. ಹದಿನೈದು ವರ್ಷ ಎಂಬುದನ್ನು ಬಿಟ್ಟನೋ ಎಂದು ಜತ್ತಪ್ಪ ಬಗ್ಗಿ ನೋಡಿದ. ಬಿಟ್ಟಿರಲಿಲ್ಲ. ಹೇಳಿಕೆಯನ್ನು ಓದಿ ಹೇಳುತ್ತೇವೆ, ಕೂತು ಕೇಳು, ಆಮೇಲೆ ರುಜು ಎಂದರು ತಹಶೀಲ್ದಾರರು. ಕೂರಲು ನೆಲ ಇತ್ತು. ಚನಿಯಪ್ಪ ಎದ್ದು ತನ್ನ ಕುರ್ಚಿಯನ್ನು ಇವನ ಕಡೆ ಸರಿಸಿದ.

ಜತ್ತಪ್ಪ ಅದನ್ನು ಕಾಲಿನಿಂದ ಹಿಂದಕ್ಕೆ ನೂಕಿದ.

"ನೀನು ಎದ್ದದ್ದರಲ್ಲಿ ನಾನು ಕೂರುದಿಲ್ಲ. ಇನ್ನೊಂದು ತರಲಿಕ್ಕೆ ಹೇಳು."

ಚನಿಯಪ್ಪ ತಿರುಗಿ, "ಬೋಜಪ್ಪಣ್ಣ, ಇನ್ನೊಂದು ಕುರ್ಚಿ ಬೇಕಲ್ಲ" ಎಂದ.

ಬೋಜಪ್ಪ ಧಣಿಯ ಮುಖ ನೋಡಿದ. ಧಣಿ ಗುಡ್ಡೆಯ ಆಚೆ ನೋಡಿದರು. ಗುಮಾಸ್ತ ಹಾಳೆ ಹಿಡಿದು ಓದಲು ಬಾಯಿ ತೆರೆದ.

ಜತ್ತಪ್ಪ ಕೈ ಅಡ್ಡ ಹಿಡಿದ. ಕುರ್ಚಿ ಬರುವವರೆಗೆ ಅವನು ಒಂದು ಅಕ್ಷರ ಓದಲು ಬಿಡಲಿಲ್ಲ.